ಇವನಿಲ್ದಾಳ ಹೆಸರಿನ ಕೆಳಗೆ

ನಮ್ಮ ಫರ್ಮಿನ ಲೆಕ್ಕಪತ್ರ ನೋಡುವ ಸೆವು ಅದೆರ್ಬಾಲ್ ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಅದರಲ್ಲಿ ಸರ್ಕಾರಿ ವಿಮೆಯ ಪಟ್ಟಿ ಇತ್ತು. ಮೇಲೆ ಇವನಿಲ್ದಾಳ ಹೆಸರು, ಹುಟ್ಟಿದ ತಾರೀಖು, ಆಮೇಲೆ ಒಂದರ ಕೆಳಗೊಂದು ತಿಂಗಳುಗಳು. ಹೋದ ವರ್ಷದ ಫೆಬ್ರವರಿಗೆ ಪಟ್ಟಿ ನಿಂತುಹೋಗಿತ್ತು. ನಾವು ಕೂತಿದ್ದದ್ದು ಈ ವರ್ಷದ ಜೂನಿನಲ್ಲಿ.

"ಇದರ ಕೆಳಗಿಂದು ಎಲ್ಲಿ?" ಎಂದು ಕೇಳಿದೆ.

"ಕೆಳಗೇನೂ ಇಲ್ಲ, ದೋನ ಜಿಲ್ದೆತಿ. ಅಷ್ಟೇ ಇರೋದು."

"ಪ್ರತಿ ತಿಂಗಳೂ ಚಲನ್ ಕಟ್ಟಿದೀವಲ್ಲ. ಒಂದು ತಿಂಗಳೂ ತಪ್ಪಿಸಿಲ್ಲ. ರಸೀದಿ ಎಲ್ಲಾ ಮನೇಲಿ ಬಿಸ್ಕತ್ ಡಬ್ಬೀಲಿ ಇದೆ, ಬೇಕಾದ್ರೆ ತರ್ತೀನಿ."

"ಅದು ಫರ್ಮಿನ ತೆರಿಗೆ. ನಿಮ್ಮಿಬ್ಬರ ವಿಮೆ ಅಲ್ಲ."

"ಫರ್ಮು ಅಂದ್ರೆ ನಾವಿಬ್ರೇ ತಾನೇ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಆ ಅಂಗಿಯ ಎರಡನೇ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು. "ಕಾಗದದ ಮೇಲೆ ಅಲ್ಲ," ಎಂದರು.

ನನಗೆ ಏನೂ ಅನ್ನಿಸಲಿಲ್ಲ. ಆ ಗುಂಡಿಗೆ ಎರಡು ಸಲ ಸೂಜಿ ಹಾಕಿದರೆ ಸಾಕಲ್ಲ ಎಂದು ಯೋಚಿಸಿದೆ. ಮನೆಯಲ್ಲಿ ಅಲಸಂದೆ ನೆನೆಹಾಕಿ ಬಂದಿದ್ದೇನೋ ಇಲ್ಲವೋ ಎಂದು ಯೋಚಿಸಿದೆ.

ನಮ್ಮ ಸಾಂತ ಕ್ರೂಸಿನಲ್ಲಿ ಮನೆ ಎಂದರೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ. ನಮ್ಮ ಬೀದಿಯ ಹೆಂಗಸರಲ್ಲಿ ಮುಕ್ಕಾಲು ಪಾಲು ತಮ್ಮ ತಮ್ಮ ಹೆಸರಿನಲ್ಲೇ ಸಣ್ಣ ಕಸುಬು ನೋಂದಾಯಿಸಿಕೊಂಡು ತಿಂಗಳಿಗೊಂದು ಸಣ್ಣ ಚಲನ್ ಕಟ್ಟುತ್ತಾರೆ. ಆ ಒಂದೇ ಚಲನ್ನಿನಲ್ಲಿ ಎಲ್ಲವೂ ಸೇರಿರುತ್ತದೆ, ತೆರಿಗೆಯೂ, ವಿಮೆಯೂ. ಕಾಯಿಲೆ ಬಿದ್ದರೆ ವಿಮೆ ಕಚೇರಿಯಿಂದ ದುಡ್ಡು ಬರುತ್ತದೆ. ಇವನಿಲ್ದಾ ಹಾಗೆ ಕಟ್ಟುತ್ತಿದ್ದಳು, ನಾನೂ ಕಟ್ಟುತ್ತಿದ್ದೆ. ಆಮೇಲೆ ರೆಸೀಫಿ ನಗರದ ಒಂದು ದೊಡ್ಡ ಅಂಗಡಿಯವರು ನಮ್ಮ ಮಕ್ಕಳ ಚಡ್ಡಿಗಳನ್ನು ನೋಡಿ, ತಿಂಗಳಿಗೆ ಸಾವಿರ ಬೇಕು, ಆದರೆ ಫರ್ಮಿನ ಬಿಲ್ಲು ಇರಬೇಕು ಎಂದರು. ಇಬ್ಬರೂ ಸೇರಿ ಫರ್ಮು ಮಾಡಿದೆವು. ಹಳೆಯ ಚಲನ್ ನಿಂತಿತು, ಹೊಸದು ಬಂತು. ಹೊಸದರಲ್ಲಿ ಹಳೆಯದಕ್ಕಿಂತ ಜಾಸ್ತಿ ದುಡ್ಡು. ಸಣ್ಣದರಲ್ಲಿ ಇದ್ದದ್ದೆಲ್ಲ ದೊಡ್ಡದರಲ್ಲಿ ಇದ್ದೇ ಇರುತ್ತದೆ ಎಂದುಕೊಂಡೆವು. ಯಾರನ್ನೂ ಕೇಳಲಿಲ್ಲ. ಕೇಳಬೇಕಾದ ವಿಷಯ ಎಂದು ಹೊಳೆಯಲೂ ಇಲ್ಲ.

"ಮಾಲೀಕರ ಸಂಬಳ ತೋರಿಸಿದ್ರೆ ಅದರಿಂದ ವಿಮೆ ಕಡಿತ ಆಗ್ತಿತ್ತು," ಎಂದರು ಸೆವು ಅದೆರ್ಬಾಲ್. "ಫರ್ಮು ತೆಗೆದ ದಿನ ನಾನು ಕೇಳಿದ್ದೆ."

ಕೇಳಿದ್ದು ನಿಜ. ಇದೇ ಕುರ್ಚಿಯಲ್ಲಿ ಕೂತಿದ್ದೆ. ಇವನಿಲ್ದಾ ಹೊರಗೆ ಮೆಟ್ಟಿಲ ಮೇಲೆ ನಿಂತು ಯಾರೊಂದಿಗೋ ಎಲಾಸ್ಟಿಕ್ಕಿನ ರೇಟು ಚೌಕಾಸಿ ಮಾಡುತ್ತಿದ್ದಳು. ಮಾಲೀಕರ ಸಂಬಳ ಎಷ್ಟು ಬರೆಯಲಿ ಎಂದು ಅವರು ಕೇಳಿದರು. ಬರೆಯದೇ ಹೋದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅದರ ಮೇಲಿನ ಕಡಿತದ ದುಡ್ಡು ಉಳಿಯುತ್ತದೆ, ಲಾಭ ಅಂತ ಹಂಚಿಕೊಳ್ಳಬಹುದು, ಆದರೆ ಇದನ್ನು ಆಮೇಲೆ ಕೂತು ಮಾತಾಡಬೇಕು ಎಂದರು. ಹಾಗಾದರೆ ಸದ್ಯಕ್ಕೆ ಬೇಡ, ಫರ್ಮು ಕಾಲ ಮೇಲೆ ನಿಲ್ಲಲಿ ಎಂದೆ. ನನ್ನ ಪರವಾಗಿಯೂ ಎಂದೆ, ಅವಳ ಪರವಾಗಿಯೂ ಎಂದೆ. ಮಾತಾಡಲು ಮತ್ತೆ ಬರಲೇ ಇಲ್ಲ. ಪ್ರತಿ ವಾರವೂ ಮುಗಿಸಬೇಕಾದ ಚಡ್ಡಿಗಳು ಇರುತ್ತಿದ್ದವು.

"ಕಟ್ಟೋದು ನಿಲ್ಲಿಸಿದ ಮೇಲೂ ಒಂದು ವರ್ಷ, ಅದರ ಮೇಲೆ ಸ್ವಲ್ಪ ದಿನ, ವಿಮೆ ಉಸಿರು ಹಿಡ್ಕೊಂಡಿರುತ್ತೆ," ಎಂದರು ಅವರು. "ನಿಮ್ಮದು ಏಪ್ರಿಲ್‌ನಲ್ಲಿ ಹೋಯ್ತು. ದೋನ ಇವನಿಲ್ದಾ ಡಾಕ್ಟರ ಹತ್ರ ಹೋಗಿದ್ದು ಯಾವಾಗ?"

"ಮೇ."

ಅವರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಮನೆಗೆ ಬರುವ ದಾರಿಯಲ್ಲಿ ಮೊಟ್ಟೆ ಕೊಂಡೆ. ನನ್ನ ಮಗಳು ತೈನಾರಾಳನ್ನು ಚರ್ಚಿನಲ್ಲಿ ಜ್ಞಾನಸ್ನಾನದ ದಿನ ತೊಟ್ಟಿಯ ಮುಂದೆ ಎತ್ತಿ ಹಿಡಿದವಳು ಇವನಿಲ್ದಾ. ಆವತ್ತಿನಿಂದ ಮಗಳಿಗೆ ಅವಳು ಮಾದ್ರಿನ್ಯ, ನಾವಿಬ್ಬರು ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಹೆಸರು ಹಿಡಿದು ಕರೆದರೆ ಜಗಳವಾಗಿದೆ ಎಂದು ಅರ್ಥ. ಅವಳಿಗೆ ಗಂಡ ಇಲ್ಲ. ಎಂಬತ್ತೊಂದು ವರ್ಷದ ತಾಯಿ ದೋನ ಕಿತೇರ್ಯಾ ಇದ್ದಾರೆ, ಹಾಸಿಗೆಯಿಂದ ಕಿಟಕಿಯವರೆಗೆ ನಡೆಯುತ್ತಾರೆ, ಅಷ್ಟೇ. ಮನೆ ನಡೆಯುವುದು ಇವನಿಲ್ದಾಳ ದುಡಿಮೆಯಿಂದ. ಜೋಮು ಹಿಡಿದ ಅವಳ ಬಲಗೈಯ ನರ ಬಿಡಿಸಲು ಜುಲೈ ಕೊನೆಗೆ ಆಪರೇಷನ್ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರು. ಆಪರೇಷನ್ನಿಗೆ ದುಡ್ಡು ಬೇಡ. ಅದಾದ ಮೇಲೆ ನಾಲ್ಕು ತಿಂಗಳು ಯಂತ್ರ ಮುಟ್ಟಬಾರದು. ಆ ನಾಲ್ಕು ತಿಂಗಳಿಗೆ ಅವಳು ಕಚೇರಿಯ ದುಡ್ಡನ್ನು ನಂಬಿದ್ದಳು.

ನಾನು ಅವಳ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಕೂತು ಎಡಗೈಯಿಂದ ಚಡ್ಡಿಗಳ ದಾರದ ತುದಿ ಕತ್ತರಿಸುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಇತ್ತು, ಯಾರದೋ ವಸ್ತುವನ್ನು ಇಟ್ಟುಕೊಂಡ ಹಾಗೆ.

"ಬಾ ಕೊಮಾದ್ರೆ. ಮುಖ ನೋಡಿದ್ರೆ ಸಂತೇಲಿ ಒಂದ್ ಚಡ್ಡೀನೂ ಹೋಗಿಲ್ಲ ಅನ್ನೋ ಹಂಗಿದೆ."

ನಿಂತುಕೊಂಡೇ ಹೇಳಿದೆ. ಹೇಳುವಾಗ ನನ್ನ ದನಿ ರೇಡಿಯೋದಲ್ಲಿ ಹವಾಮಾನ ಓದುವವರ ದನಿಯಂತೆ ಇತ್ತು. ಫೆಬ್ರವರಿ, ಏಪ್ರಿಲ್, ಮೇ. ಮಾಲೀಕರ ಸಂಬಳ ಬೇಡ ಎಂದು ಹೇಳಿದವಳು ನಾನು, ನಿನ್ನನ್ನು ಕೇಳದೇ ಹೇಳಿದೆ ಎಂದೂ ಹೇಳಿದೆ.

ಅವಳು ಕತ್ತರಿ ಕೆಳಗಿಟ್ಟಳು.

"ಜಿಲ್ದೆತಿ," ಎಂದಳು.

ಒಳಗಿಂದ ದೋನ ಕಿತೇರ್ಯಾ, "ಯಾರೇ ಅದು ಬಂದಿರೋದು?" ಎಂದು ಕೂಗಿದರು.

"ದೇತಿ ಕಣಮ್ಮ. ಮೊಟ್ಟೆ ತಂದಿದಾಳೆ."

"ಹಂಗಾದ್ರೆ ಕಾಫಿ ಇಡು. ಬರೀ ಕೈಲಿ ಕಳಿಸ್ಬೇಡ."

ಇವನಿಲ್ದಾ ಎದ್ದು ಹೋಗಿ ಎಡಗೈಯಲ್ಲೇ ಕಾಫಿ ಇಟ್ಟಳು. ಕುಡಿದೆವು. ಸಕ್ಕರೆ ಹಾಕುವುದನ್ನು ಮರೆತಿದ್ದಳು, ನಾನು ಕೇಳಲಿಲ್ಲ.

ಮಾರನೆಯ ದಿನ ಇಬ್ಬರೂ ಸೆವು ಅದೆರ್ಬಾಲರ ಬಳಿ ಹೋದೆವು. ದಾರಿ ಒಂದಿದೆ ಎಂದರು ಅವರು. ಕಾಯಿಲೆ ಗೊತ್ತಾಗಿದ್ದು ಮೇ ತಿಂಗಳಲ್ಲಿ ಇರಬಹುದು, ಆದರೆ ಕೈ ಕೆಲಸ ಬಿಟ್ಟದ್ದು ಯಾವಾಗ ಎನ್ನುವುದೇ ಮುಖ್ಯ. ಅದು ಏಪ್ರಿಲ್‌ಗಿಂತ ಮುಂಚೆ ಎಂದು ಕಚೇರಿಯ ಡಾಕ್ಟರ್ ಬರೆದರೆ ದುಡ್ಡು ಬರುತ್ತದೆ.

"ಅಕ್ಟೋಬರ್," ಎಂದಳು ಇವನಿಲ್ದಾ ತಕ್ಷಣ. "ಮಕ್ಕಳ ದಿನದ ಆರ್ಡರ್ ಇತ್ತಲ್ಲ, ಆ ವಾರ. ಸೂಜಿ ಹಿಡಿದಿದೀನೋ ಬಿಟ್ಟಿದೀನೋ ಗೊತ್ತಾಗ್ತಿರ್ಲಿಲ್ಲ. ಬೆರಳಿಗೆ ಸೂಜಿ ಹೊಕ್ಕು ರಕ್ತ ಬಟ್ಟೆಗೆ ಆದ ಮೇಲೆ ಗೊತ್ತಾಗಿದ್ದು."

"ಆಗ ಯಾರಿಗಾದ್ರೂ ತೋರಿಸಿದ್ರಾ?"

"ದೋನ ಜೊವೆಂತೀನಾ ಹತ್ರ ಮಂತ್ರ ಹಾಕಿಸ್ಕೊಂಡೆ. ಮೂರು ಶುಕ್ರವಾರ."

"ಅವರೇನಾದ್ರೂ ಬರೆದು ಕೊಟ್ಟಿದಾರಾ?"

"ಸೊಪ್ಪು ಕೊಟ್ರು. ಅದು ಒಣಗೋಯ್ತು."

ಸೆವು ಅದೆರ್ಬಾಲ್ ನಗಲಿಲ್ಲ. "ಕೆಲಸದ ಲೆಕ್ಕ ಯಾವುದಾದ್ರೂ ಇದೆಯಾ? ಯಾರು ಎಷ್ಟು ಹೊಲಿದ್ರು, ಯಾವತ್ತು ನಿಲ್ಲಿಸಿದ್ರು ಅಂತ?"

ಇತ್ತು. ಶನಿವಾರ ಬಟ್ಟೆ, ದಾರ, ಚಲನ್ ಎಲ್ಲ ತೆಗೆದಿಟ್ಟು, ಉಳಿದದ್ದನ್ನು ನಾವು ಹೊಲಿದ ತುಂಡುಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದೆವು. ಜಗಳ ಬರಬಾರದು ಎಂದು ಮೊದಲ ದಿನವೇ ಮಾಡಿಕೊಂಡ ಏರ್ಪಾಡು. ಒಂದು ನೋಟ್ ಪುಸ್ತಕ, ಪುಟದ ನಡುವೆ ಗೆರೆ, ಎಡಕ್ಕೆ ಅವಳ ಹೆಸರು, ಬಲಕ್ಕೆ ನನ್ನ ಹೆಸರು. ಬರೆಯುವವಳು ನಾನು.

ಅಕ್ಟೋಬರ್‌ನಿಂದ ಮೇವರೆಗೆ ಅವಳ ಹೆಸರಿನ ಕೆಳಗೆ ದಿನಕ್ಕೆ ನಲವತ್ತು, ನಲವತ್ತೈದು ಎಂದು ಬರೆದಿದ್ದೆ. ಹೊಲಿದವಳು ನಾನು. ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದಲ್ಲಿ ಇವನಿಲ್ದಾಳಷ್ಟು ಚುರುಕು ಕೈ ಆ ಬೀದಿಯಲ್ಲೇ ಇರಲಿಲ್ಲ. ಇವನಿಲ್ದಾಳ ಹೊಲಿಗೆ ಎಂದೇ ಹೆಸರು ಹೇಳಿ ಕೊಂಡುಕೊಳ್ಳುತ್ತಿದ್ದರು. ಅವಳ ಕೈ ನಿಂತ ವಾರ, ಅವಳ ಸಾಲಿನಲ್ಲಿ ಎಂಟು ಎಂದು ಬರೆಯಲು ಹೋಗಿ ನನ್ನ ಪೆನ್ನು ನಿಂತಿತು. ನನ್ನ ತುಂಡುಗಳಲ್ಲಿ ಅರ್ಧ ಅವಳ ಕಡೆಗೆ ಹಾಕಿದೆ. ಒಂದು ವಾರದ ಮಟ್ಟಿಗೆ ಎಂದುಕೊಂಡೆ. ಆಮೇಲೆ ಅದೇ ರೂಢಿಯಾಯಿತು. ಇಬ್ಬರ ಕೆಲಸವನ್ನು ಒಬ್ಬಳೇ ಮಾಡುತ್ತಾ ಮಾಡುತ್ತಾ ನನಗೂ ಯಾವುದು ಯಾರದು ಎನ್ನುವುದು ಮಾಸಿಹೋಯಿತು. ಬೆಳಿಗ್ಗೆ ಎದ್ದು ಕೂರುವುದು, ಹೊಲಿಯುವುದು, ಏಳುವುದು. ತೈನಾರಾಳ ಜಡೆ ಹಾಕುವಾಗ ಮಾತ್ರ ಕೈ ಬೇರೆ ಕೆಲಸ ಮಾಡುತ್ತಿತ್ತು.

"ಇದೆ," ಎಂದೆ. "ಆದ್ರೆ ಅದರಲ್ಲಿ ಅವಳು ಮೇ ತಿಂಗಳವರೆಗೂ ಹೊಲಿದಿದಾಳೆ ಅಂತಿದೆ."

"ಹೊಲಿದ್ರಾ?"

"ಇಲ್ಲ."

ಇವನಿಲ್ದಾ ಕಿಟಕಿಯ ಕಡೆ ನೋಡುತ್ತಿದ್ದಳು. ಸೆವು ಅದೆರ್ಬಾಲ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸುತ್ತಾ, "ನೋಟ್ ಪುಸ್ತಕ ಹರಿದುಹೋಗುತ್ತೆ, ನೀರು ಬೀಳುತ್ತೆ, ಜನ ಹೊಸದರಲ್ಲಿ ಬರ್ಕೊಳ್ತಾರೆ," ಎಂದರು. "ನಾನೇನೂ ಹೇಳಿಲ್ಲ."

ಆ ಮಧ್ಯಾಹ್ನ ಹೊಸ ನೋಟ್ ಪುಸ್ತಕ ತಂದೆ. ಒಲೆಯ ಮೇಲೆ ಅಲಸಂದೆ ಬೇಯುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಳೆಯದನ್ನು ಒಂದು ಕಡೆ, ಹೊಸದನ್ನು ಒಂದು ಕಡೆ ಇಟ್ಟುಕೊಂಡು ಬರೆಯತೊಡಗಿದೆ. ಅಕ್ಟೋಬರ್ ಒಂಬತ್ತು: ಇವನಿಲ್ದಾ ಎಂಟು, ಜಿಲ್ದೆತಿ ಎಪ್ಪತ್ತಾರು. ಅಕ್ಟೋಬರ್ ಹತ್ತು: ಇವನಿಲ್ದಾ ಮೂರು. ಹನ್ನೊಂದರಿಂದ ಅವಳ ಕಡೆ ಬರೀ ಗೆರೆ. ನಾನು ಬರೆಯುತ್ತಿದ್ದದ್ದು ನಡೆದದ್ದನ್ನೇ. ಆದರೂ ಹೊಸ ಶಾಯಿ ಹೊಳೆಯುತ್ತಿತ್ತು, ತಿಂಗಳುಗಳ ಲೆಕ್ಕವೆಲ್ಲ ಒಂದೇ ಪೆನ್ನು, ಒಂದೇ ಕೈ, ಒಂದೇ ಮಧ್ಯಾಹ್ನ. ಹಳೆಯದರಲ್ಲಿ ಎಣ್ಣೆಯ ಕಲೆ ಇತ್ತು, ತೈನಾರಾ ಬಿಡಿಸಿದ ಬೆಕ್ಕು ಇತ್ತು, ಅದು ನಿಜದ ಪುಸ್ತಕದಂತೆ ಕಾಣುತ್ತಿತ್ತು.

ತೈನಾರಾ ಶಾಲೆಯಿಂದ ಬಂದು ನನ್ನ ಭುಜದ ಮೇಲಿಂದ ಇಣುಕಿದಳು. ಅವಳಿಗೆ ಒಂಬತ್ತು ವರ್ಷ.

"ಅಮ್ಮಾ, ಮಾದ್ರಿನ್ಯ ಹೆಸರಲ್ಲಿ ಯಾಕೆ ಏನೂ ಇಲ್ಲ? ಅವರು ಏನೂ ಮಾಡ್ಲಿಲ್ವಾ?"

"ಕೈ ತೊಳ್ಕೊಂಡು ಬಾ, ಊಟ ಹಾಕ್ತೀನಿ."

"ದಾರ ಕತ್ತರಿಸಿದ್ರಲ್ಲ. ಚೀಲ ತುಂಬಿದ್ರಲ್ಲ. ಅದನ್ನ ಬರೀಬೇಕು ತಾನೇ?"

ಅವಳ ತಟ್ಟೆಗೆ ಅಲಸಂದೆ ಬಡಿಸಿ ಮೇಲೆ ಮರಗೆಣಸಿನ ಹಿಟ್ಟು ಉದುರಿಸಿದೆ. ಡಿಸೆಂಬರ್‌ವರೆಗೆ ಬರೆದಿದ್ದೆ. ಅಲ್ಲಿಗೆ ನಿಲ್ಲಿಸಿದೆ. ಎರಡೂ ಪುಸ್ತಕಗಳನ್ನು ತೆಗೆದುಕೊಂಡು ಕೊಮಾದ್ರೆಯ ಮನೆಗೆ ಹೋದೆ.

ಅವಳು ಮೊದಲು ಹೊಸದನ್ನು ತೆರೆದಳು. ಗೆರೆಗಳನ್ನು ಬೆರಳಿಂದ ಮುಟ್ಟುತ್ತಾ ಹೋದಳು, ಒಂದು ಪುಟ, ಎರಡು ಪುಟ.

"ಚೆನ್ನಾಗಿ ಗೆರೆ ಎಳೆದಿದೀಯ," ಎಂದಳು. "ಸತ್ತೋರ ಪಟ್ಟಿ ಇದ್ದಂಗಿದೆ."

"ಕೊಮಾದ್ರೆ, ದುಡ್ಡು ಬರ್ಬೇಕು ಅಂದ್ರೆ..."

"ನಂಗೆ ಎಣಿಸೋಕೆ ಬರಲ್ಲ ಅಂದ್ಕೊಂಡಿದ್ದೆಯಾ?" ದನಿ ಏರಿಸಲಿಲ್ಲ ಅವಳು. "ಶನಿವಾರ ಶನಿವಾರ ನಲವತ್ತೈದು ಅಂತ ಓದ್ತಿದ್ದೆಯಲ್ಲ. ನಾನು ಒಂದೂ ಹೊಲಿದಿಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ? ನೀನು ಓದ್ತಿದ್ದೆ, ನಾನು ತಗೊಂಡು ಜೇಬಿಗೆ ಹಾಕ್ಕೊಳ್ತಿದ್ದೆ. ಮನೇಗ್ ಬಂದು ಅಮ್ಮಂಗೆ ಔಷಧಿ ತರ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಕಣೇ."

"ನೀನ್ ಕೇಳಿದ್ರೆ ನಾನು..."

"ಕೇಳ್ಲಿಲ್ಲ. ನೀನೂ ಹೇಳ್ಲಿಲ್ಲ. ನೀನು ಹೇಳಿದ್ರೆ ನಾನು ಆವತ್ತೇ ಡಾಕ್ಟರ ಹತ್ರ ಹೋಗ್ಬೇಕಾಗ್ತಿತ್ತು. ಹೋಗಿದ್ರೆ ಊರೆಲ್ಲ ಗೊತ್ತಾಗ್ತಿತ್ತು, ಇವನಿಲ್ದಾ ಕೈ ಹೋಯ್ತು ಅಂತ."

ಆ ಮಾತಿಗೆ ನನ್ನಲ್ಲಿ ಏನೋ ಕದಲಬೇಕಿತ್ತು. ಅವಳು ಹೇಳುತ್ತಿರುವುದು ಸರಿ ಎಂದು ತಿಳಿಯುತ್ತಿತ್ತು, ನಾನು ಒಳ್ಳೆಯದೆಂದು ಮಾಡಿದ ಒಂದೊಂದು ಸುಳ್ಳು ಅಂಕಿಯೂ ಅವಳನ್ನು ಡಾಕ್ಟರಿಂದ ಒಂದೊಂದು ವಾರ ದೂರ ಇಟ್ಟಿತ್ತು ಎಂದು ತಿಳಿಯುತ್ತಿತ್ತು. ಲೆಕ್ಕ ತಿಳಿದ ಹಾಗೆ ತಿಳಿಯುತ್ತಿತ್ತು, ಅಷ್ಟೇ. ಅವಳ ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಒತ್ತರಿಸಿ ಮೂಲೆಗೆ ತಂದೆ.

ಇವನಿಲ್ದಾ ಹೊಸ ಪುಸ್ತಕವನ್ನು ಮುಚ್ಚಿ ನನ್ನ ಕಡೆ ತಳ್ಳಿದಳು. "ಇದು ಬೇಡ. ಹಳೇದನ್ನೇ ತಗೊಂಡೋಗೋಣ. ಏನಾಯ್ತು ಅಂತ ನಾನೇ ಹೇಳ್ತೀನಿ."

"ನಂಬ್ತಾರಾ?"

"ನಂಬ್ದಿದ್ರೆ ಬೇಡ. ಹೊಸ ಪುಸ್ತಕ ತೋರಿಸಿ ನಂಬಿಸಿದ್ರೆ ಕಳ್ಳಿ ತರ ಆಗುತ್ತೆ, ಅದೂ ನಿಜ ಹೇಳಿ ಕಳ್ಳಿ. ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ?"

ಜುಲೈ ಎರಡನೇ ವಾರ ವಿಮೆ ಕಚೇರಿಯ ಡಾಕ್ಟರ ತಪಾಸಣೆ ಕರುವಾರು ಪಟ್ಟಣದಲ್ಲಿ. ಬಸ್ಸಿನಲ್ಲಿ ಇವನಿಲ್ದಾ ಕಿಟಕಿಯ ಪಕ್ಕ ಕೂತಳು, ನಾನು ಅವಳ ಬಲಗಡೆ, ಆ ಕೈಗೆ ಯಾರೂ ತಾಗದ ಹಾಗೆ. ಡಾಕ್ಟರ್ ಚಿಕ್ಕ ವಯಸ್ಸಿನವರು, ಶೀತವಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಒಳಗೆ ಬರಬಹುದೇ ಎಂದು ಇವನಿಲ್ದಾ ಕೇಳಿದಳು. ಬನ್ನಿ ಎಂದರು.

ಮುಷ್ಟಿ ಹಿಡಿಸಿದರು. ಬಿಡಿಸಿದರು. ಕಣ್ಣು ಮುಚ್ಚಿಸಿ ಒಂದು ಹತ್ತಿಯ ತುಂಡನ್ನು ಬೆರಳಿಗೆ ಸವರಿದರು.

"ಈಗ ಮುಟ್ಟಿದೆನಾ?"

"ಇಲ್ಲ."

ಮುಟ್ಟಿದ್ದರು. ಇನ್ನೂ ಮೂರು ಬೆರಳಿಗೆ ಸವರಿದರು. ಮೂರಕ್ಕೂ ಅವಳು ಇಲ್ಲ ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಯಾವಾಗಿಂದ ಹೀಗೆ?"

"ಅಕ್ಟೋಬರ್‌ನಿಂದ, ಡಾಕ್ಟರೇ."

"ಆಗಿನ ಕಾಗದ ಏನಾದರೂ ಇದೆಯಾ?"

ಇವನಿಲ್ದಾ ಹಳೆಯ ಪುಸ್ತಕವನ್ನು ಮುಂದಿಟ್ಟಳು. "ಇದರಲ್ಲಿ ನಾನು ಮೇವರೆಗೂ ಹೊಲಿದಿದೀನಿ ಅಂತಿದೆ. ಹೊಲಿದಿಲ್ಲ. ಇವಳು ಹೊಲಿದು ನನ್ನ ಹೆಸರಲ್ಲಿ ಬರೆದಿದಾಳೆ."

ಡಾಕ್ಟರ್ ಪುಟ ತಿರುವಿದರು. ಬೆಕ್ಕಿನ ಚಿತ್ರದ ಬಳಿ ಒಂದು ಕ್ಷಣ ನಿಂತರು. ನನ್ನತ್ತ ನೋಡಿ, "ಯಾಕೆ?" ಎಂದು ಕೇಳಿದರು. ಗದರುವ ದನಿಯಲ್ಲ, ನಿಜವಾಗಿ ತಿಳಿಯಬೇಕು ಎನ್ನುವ ದನಿ.

ಬಸ್ಸಿನಲ್ಲಿ ಉತ್ತರ ಯೋಚಿಸಿಕೊಂಡಿದ್ದೆ. "ಕೊಮಾದ್ರೆ ಅಲ್ವಾ," ಎಂದೆ. ಅದು ಯೋಚಿಸಿಕೊಂಡ ಉತ್ತರವಲ್ಲ.

"ನೀವು ಹೇಳೋದನ್ನ ಬರ್ಕೊಳ್ತೀನಿ," ಎಂದರು ಅವರು ಇವನಿಲ್ದಾಳಿಗೆ. "ಆದರೆ ತಾರೀಖು ಹಾಕೋಕೆ ನನಗೆ ಒಂದು ಕಾಗದ ಬೇಕು, ಅಮ್ಮ. ಬರೀ ಮಾತಿನ ಮೇಲೆ ಹಾಕೋಕೆ ಬರಲ್ಲ." ಬಹಳ ಹೊತ್ತು ಟೈಪ್ ಮಾಡಿದರು.

ಎರಡು ದಿನದ ನಂತರ ಬೆಳಿಗ್ಗೆ ಕಚೇರಿಯ ಉತ್ತರ ಫೋನಿನಲ್ಲಿ ಬಂತು. ಅವಳ ಫೋನಿನ ಗಾಜು ಒಡೆದಿದ್ದರಿಂದ ನಾನೇ ಓದಿದೆ. ಕೆಲಸ ಮಾಡಲಾಗದ ಸ್ಥಿತಿ ಇದೆ. ಆರಂಭ: ಮೇ ಹತ್ತೊಂಬತ್ತು. ಆ ದಿನ ಅರ್ಜಿದಾರರು ವಿಮೆಯಲ್ಲಿ ಇರಲಿಲ್ಲ. ಅರ್ಜಿ ತಿರಸ್ಕೃತ.

"ಕೈ ಹೋಗಿದೆ ಅಂತ ಒಪ್ಕೊಂಡಿದಾರಾ?" ಎಂದು ಕೇಳಿದಳು.

"ಹೂಂ. ಒಪ್ಕೊಂಡಿದಾರೆ."

"ಸರಿ ಹಾಗಾದ್ರೆ." ಅವಳು ಅಮ್ಮನ ಬಟ್ಟೆ ನೆನೆಸಿದ್ದ ಬಕೆಟ್ಟನ್ನು ಎಡಗೈಯಲ್ಲಿ ಎಳೆಯತೊಡಗಿದಳು. ನಾನು ಇನ್ನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಹಿಂಡಿದೆವು, ಅವಳು ಒಂದು ತುದಿ ಹಿಡಿದು ನಿಂತಳು, ನಾನು ತಿರುಚಿದೆ. ಆಮೇಲೆ ಹಗ್ಗಕ್ಕೆ ಹಾಕಿದೆವು.

ಸೆವು ಅದೆರ್ಬಾಲ್ ಮೇಲ್ಮನವಿ ಬರೆದುಕೊಟ್ಟರು. ತಿಂಗಳುಗಟ್ಟಲೆ ಆಗುತ್ತದೆ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ ಅವರೇ ಬೇರೆ ಫೈಲು ತೆಗೆದು, "ಈಗ ಕೂತು ಮಾತಾಡೋಣವಾ? ಹದಿನಾರು ತಿಂಗಳಾಯ್ತು," ಎಂದರು.

"ಮಾಲೀಕರ ಸಂಬಳ ಹಾಕಿ," ಎಂದೆ. "ಈ ತಿಂಗಳಿಂದಲೇ. ಇಬ್ಬರಿಗೂ ಕನಿಷ್ಠ ಕೂಲಿಯಷ್ಟು. ಕಡಿತ ಎಷ್ಟಿದ್ರೂ ಇರ್ಲಿ."

"ನಿಮಗೆ ಹಾಕಬಹುದು. ಇವರಿಗೆ ಹೇಗೆ ಹಾಕಲಿ? ಈ ಸಂಬಳ ಅಂದ್ರೆ ಕೆಲಸಕ್ಕೆ ಕೊಡೋದು. ಮುಂದಿನ ವಾರ ಆಪರೇಷನ್. ಕೆಲಸ ಮಾಡದೇ ಇರೋರಿಗೆ ಸಂಬಳ ತೋರಿಸಿದ್ರೆ ಅದು ಇನ್ನೊಂದು ಸುಳ್ಳು. ಲಾಭದಲ್ಲಿ ಪಾಲು ಕೊಡಿ, ಆದ್ರೆ ಅದಕ್ಕೆ ವಿಮೆ ಬರಲ್ಲ."

ಲಾಭ ಎನ್ನುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಸಂತೆಯಲ್ಲಿ ನಮ್ಮ ಮಾಲನ್ನು ಮಾರಿಕೊಡುತ್ತಿದ್ದ ಮಳಿಗೆಯ ಹೆಂಗಸೇ ತುಂಡಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದಳು. ನಾನು ನನ್ನ ಸಂಬಳವನ್ನೇ ಅವಳಿಗೆ ಕೊಡುತ್ತೇನೆ ಎಂದು ಬಾಯಿ ತೆರೆದೆ. ಇವನಿಲ್ದಾ ಅಷ್ಟರಲ್ಲಿ ನನ್ನ ಮೊಣಕಾಲಿಗೆ ತನ್ನ ಮೊಣಕಾಲು ಒತ್ತಿದಳು.

"ಮಾರೋದು ಕೆಲಸ ತಾನೇ?" ಎಂದಳು.

"ಹೌದು."

"ಹಂಗಾದ್ರೆ ಆ ಮಳಿಗೆಯೋಳಿಗೆ ಕೊಡೋದು ನಿಲ್ಲಿಸ್ತೀವಿ. ಸಂತೇಲಿ ಅರ್ಧ ಕಟ್ಟೆ ಬಾಡಿಗೆಗೆ ತಗೋತೀವಿ. ನಾನು ಕೂತು ಮಾರ್ತೀನಿ. ಜೋಮು ಹಿಡಿದಿರೋದು ಕೈಗೆ, ಬಾಯಿಗಲ್ಲ."

"ಅದು ಇಡೀ ಸಾಂತ ಕ್ರೂಸ್‌ಗೆ ಗೊತ್ತು," ಎಂದರು ಸೆವು ಅದೆರ್ಬಾಲ್.

"ನೀವು ಸುಮ್ನೆ ಬರೀರಿ. ಮತ್ತೆ ಆ ಅಂಗಿ ಬಿಚ್ಚಿಕೊಡಿ, ಗುಂಡಿ ಬೀಳೋ ಹಂಗಿದೆ. ದೇತಿ ಹಾಕ್ಕೊಡ್ತಾಳೆ. ನೋಡೋಕಾಗ್ತಿಲ್ಲ."

ಅವರು ಅಂಗಿಯನ್ನು ಹಿಡಿದುಕೊಂಡರು. ಬರೆದರು. ಎರಡು ಕಾಗದ, ಎರಡು ಹೆಸರು, ಕೂಲಿ ಒಂದೇ, ಕಡಿತ ಒಂದೇ. ಇವನಿಲ್ದಾ ಎಡಗೈಯಲ್ಲಿ ಸಹಿ ಹಾಕಿದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಬ್ಯಾಂಕಿನವರು ಒಪ್ಪುತ್ತಾರೋ ಇಲ್ಲವೋ ಎಂದು ಸೆವು ಅದೆರ್ಬಾಲ್ ತಲೆ ಕೆರೆದುಕೊಂಡರು.

ಆಪರೇಷನ್ ಆಯಿತು. ಕೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೆ ತೂಗುಹಾಕಿದರು. ಎರಡು ವಾರ ದೋನ ಕಿತೇರ್ಯಾಗೆ ನಾನೇ ಸ್ನಾನ ಮಾಡಿಸಿದೆ. ನನ್ನ ಮೊದಲ ಸಂಬಳ ಫರ್ಮಿನ ಖಾತೆಯಿಂದ ನನ್ನ ಖಾತೆಗೆ ಬಂದ ದಿನ, ಅದನ್ನು ಫೋನಿನಲ್ಲಿ ನೋಡಿ, ಮತ್ತೆ ಯಂತ್ರದ ಮುಂದೆ ಕೂತೆ. ಖುಷಿಯಾಗಬೇಕಿತ್ತು ಎಂದು ಸಂಜೆ ನೆನಪಾಯಿತು.

ಆಗಸ್ಟ್ ಕೊನೆಯ ಸೋಮವಾರ ಬೆಳಗಿನ ಐದಕ್ಕೆ ಕಟ್ಟೆಯ ಮೇಲೆ ಚಡ್ಡಿಗಳನ್ನು ಅಳತೆವಾರು ಜೋಡಿಸಿದೆವು. ಡಾಕ್ಟರು ಹೇಳಿದಂತೆ ಇವನಿಲ್ದಾ ಏನನ್ನೂ ಎತ್ತಲಿಲ್ಲ. ಬರೀ ಕೂಗಿದಳು. ಹತ್ತು ತುಂಡು ಕೊಂಡವರಿಗೆ ಹನ್ನೊಂದನೆಯದನ್ನು ಅಗ್ಗಕ್ಕೆ ಕೊಟ್ಟಳು, ಎರಡು ಕೊಂಡು ಹತ್ತರ ರೇಟು ಕೇಳಿದವರನ್ನು, "ನಿಮ್ಮಮ್ಮ ಕೂಡ ನಿಮಗೆ ಆ ರೇಟಿಗೆ ಕೊಡಲ್ಲ, ಮುಂದೆ ಹೋಗಿ," ಎಂದು ಓಡಿಸಿದಳು. ಏಳರ ಹೊತ್ತಿಗೆ ಪರೈಬಾದಿಂದ ವ್ಯಾನಿನಲ್ಲಿ ಬರುವ ದಪ್ಪನೆಯ ಹೆಂಗಸೊಬ್ಬಳು ಬಂದಳು. ವರ್ಷಗಳಿಂದ ನಮ್ಮ ಮಾಲು ಕೊಳ್ಳುವವಳು. ಒಂದು ಚಡ್ಡಿಯನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆಯನ್ನು ಎರಡೂ ಕೈಯಿಂದ ಜಗ್ಗಿ ನೋಡಿದಳು.

"ಇದಕ್ಕೇ ನಾನು ಇಷ್ಟು ದೂರ ಬರೋದು," ಎಂದಳು. "ಇವನಿಲ್ದಾ ಹೊಲಿಗೆ ಅಂದ್ರೆ ಜಗ್ಗಿದ್ರೂ ಬಿಡಲ್ಲ."

ಪಕ್ಕದ ಕಟ್ಟೆಯ ಹೆಂಗಸರು ಈ ಕಡೆ ನೋಡುತ್ತಿದ್ದರು. ನಮ್ಮ ಬೀದಿಯವರು ಇಬ್ಬರು ಅವರಲ್ಲಿ ಇದ್ದರು.

"ಅದು ನನ್ನ ಹೊಲಿಗೆ ಅಲ್ಲ," ಎಂದಳು ಇವನಿಲ್ದಾ. ಮಾರುವ ದನಿಯಲ್ಲೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. "ಹೋದ ಅಕ್ಟೋಬರ್‌ನಿಂದ ನನ್ನ ಕೈ ನಡೆಯಲ್ಲ. ಅವಾಗಿಂದ ನೀವು ತಗೊಂಡಿದ್ದೆಲ್ಲ ಇವಳದ್ದೇ."

ಆ ಹೆಂಗಸು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ನಾಲ್ಕನೇ ಅಳತೆಯವನ್ನು ಮಡಚುತ್ತಿದ್ದೆ.

"ಹೌದಾ? ಹಂಗಾದ್ರೆ ತುಂಡಿಗೆ ಒಂದು ರೆಯಾಲ್ ಕಮ್ಮಿ ಮಾಡ್ಕೊಳ್ಳಿ."

"ಒಂದು ಸೆಂತಾವೂ ಇಲ್ಲ," ಎಂದಳು ಇವನಿಲ್ದಾ. "ಹತ್ತು ತಿಂಗಳು ಅದೇ ರೇಟಿಗೆ ತಗೊಂಡೋದ್ರಲ್ಲ, ಒಂದಾದ್ರೂ ಬಿಚ್ಚಿ ವಾಪಸ್ ಬಂತಾ?"

"ಇಲ್ಲ."

"ಮತ್ತೆ?"

ಹೆಂಗಸು ನಕ್ಕು ಐವತ್ತು ತುಂಡು ತೆಗೆದಿಡಲು ಹೇಳಿದಳು. ಇವನಿಲ್ದಾ ಎಡಗೈಯ ಬೆರಳಿನಿಂದ ಒಂದೊಂದಾಗಿ ಎಣಿಸತೊಡಗಿದಳು. ಇಪ್ಪತ್ತಕ್ಕೆ ಬಂದು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಮುಂದುವರಿಸಿದಳು. ನಾನು ದಾರ ಕತ್ತರಿಸಿ ಕಟ್ಟು ಕಟ್ಟಿದೆ.

"ಎಷ್ಟಾಯ್ತು, ಕೊಮಾದ್ರೆ?" ಎಂದು ಕೇಳಿದಳು.

"ನೀನೇ ತಾನೇ ಎಣಿಸ್ತಿದ್ದಿದ್ದು."

"ತಪ್ಪೋಯ್ತು ಕಣೇ. ಮೊದಲಿಂದ ಎಣಿಸ್ತೀನಿ, ಬಿಚ್ಚು."

ಬಿಚ್ಚಿದೆ.